ಹೊಳಪು ಮತ್ತು ಹೊನ್ನು

‘ಹೊಳೆಯುವುದೆಲ್ಲ ಚಿನ್ನವಲ್ಲ’ ಎಂಬ ಇಂಗ್ಲಿಷ್ ಗಾದೆಯ ಅರ್ಥವನ್ನು ಕೋರಮಂಡಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಣಿಯ ಬೆಣಚುಕಲ್ಲಿನಲ್ಲಿ ಚಿನ್ನ ಬಹುಮಟ್ಟಿಗೆ ಕಣ್ಣಿಗೆ ಕಾಣದು. ಥಳಥಳಿಸುವುದು ಅನೇಕ ವೇಳೆ ಗಂಧಕ ಬೆರೆತ ಕಬ್ಬಿಣ.

ಆದರೆ ಆ ಭಾಷೆಯಲ್ಲಿ ‘ಸ್ಟಿಫ್ ಅಪ್ಪರ್ ಲಿಪ್’ ಎಂಬ ನುಡಿಗಟ್ಟೂ ಉಂಟು. ಅಳು ಬಂದರೂ ಮೇಲ್ದುಟಿ ನಡುಗದಂತೆ ಬಿಗಿಹಿಡಿಯುವುದು ಎಂದು ಅದರ ಭಾವ. ನಾವು ‘ನೋವು ನುಂಗಿಕೊಳ್ಳುವುದು’ ಎನ್ನುತ್ತೇವೆ. ಕಪಟಿಯೂ ಮನಸ್ಸನ್ನು ಮುಚ್ಚಿಡುತ್ತಾನೆ, ನೊಂದವನೂ ಮುಚ್ಚಿಡುತ್ತಾನೆ. ಮೊದಲನೆಯದು ಮೋಸ, ಎರಡನೆಯದು ಮನೆಯವರು ಧೃತಿಗೆಡದಿರಲೆಂಬ ಅಂತಃಕರಣ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿ ಕೆಲಸ ಕಳೆದುಕೊಂಡವರ ಸಹನೆ ಈ ಎರಡನೆಯ ಬಗೆಯದು. ಅದನ್ನು ಕೊಂಡಾಡೋಣ, ಆದರೆ ಅದನ್ನೇ ಸಂತೃಪ್ತಿಯೆಂದು ಬಗೆದು ಸುಮ್ಮನಿರುವುದು ಅನ್ಯಾಯ. ನಿಘಂಟು ನುಡಿಗಟ್ಟಿನ ಅರ್ಥವನ್ನು ಹೇಳೀತು. ಬಿಗಿಹಿಡಿದ ತುಟಿಯ ಅರ್ಥವನ್ನು ವಿದ್ಯಾವಂತರಾದ ನಾವು ಹತ್ತಿರ ಕುಳಿತು ಕೇಳಿಯೇ ತಿಳಿಯಬೇಕು.