ವೈರಸ್ಸಿಂಗೆ ಕಣ್ಣಿಲ್ಲೆ, ನಮ್ಮ ಹೆದರಿಕೆಗೆ ಇದ್ದು

2021ರಲ್ಲಿ ಕೊರೊನಕ್ಕೆ ಮತ್ತೊಂದು ಹೊಸ ಹೆಸರು ಬಂತು. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಲ್ಲ ಆಗಿ ಮತ್ತೆ ಒಮಿಕ್ರಾನ್. ಪಿಯುಸಿಲಿ ಲೆಕ್ಕ ಮಾಡುವಗ ಆಲ್ಫಾ, ಬೀಟಾ, ತೀಟಾ ಕಂಡ ನಮ್ಮ ಹಾಂಗಿಪ್ಪವಕ್ಕೆ ಆ ಗ್ರೀಕು ಅಕ್ಷರಂಗಳ ಮೋರೆಯೇ ಮರದು ಹೋಗಿತ್ತು. ಆ ಸಮಯಲ್ಲಿ ನೋಡಿರೆ ಅಡಿಗೆ ಒಳಾಣ ಹೆಮ್ಮಕ್ಕೊಗುದೇ ಅದು ಬಾಯಿಪಾಠ ಆಗಿತ್ತು! 2021 ನವೆಂಬರ 26ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯವು ಈ ಹೆಸರು ಮಡಗಿದವು. ಅಂದಿಂದ ಮತ್ತೆ ಉದಿಯಪ್ಪಗ ಎದ್ದು ಮೊಬೈಲು ನೋಡಿರೂ ಅದೇ ಶುದ್ದಿ, ಇರುಳು ಉಂಬಗ ಟಿವಿ ಹಾಕಿರೂ ಅದೇ ಶುದ್ದಿ ಆಗಿತ್ತು.

ಹೆದರಿಕೆ ಅಪ್ಪದು ತಪ್ಪು ಹೇಳಿ ಆನು ಹೇಳ್ತಿಲ್ಲೆ. 2021ರ ಎಪ್ರಿಲು-ಮೇ ತಿಂಗಳಿಲಿ ಡೆಲ್ಟಾ ಬಂದು, ಆಕ್ಸಿಜನ್ ಸಿಕ್ಕದ್ದೆ, ಆಸ್ಪತ್ರೆಲಿ ಹಾಸಿಗೆ ಸಿಕ್ಕದ್ದೆ ಜೆನಂಗೊ ತೀರಿಹೋದ್ದರ ನೋಡಿದವಕ್ಕೆ ಹೊಸ ಹೆಸರು ಕೇಳುವಗ ಎದೆ ಡವಡವ ಹೇಳದ್ದೆ ಇಕ್ಕೋ? ಎನ್ನ ಜಗಳ ಹೆದರಿಕೆಯ ಹತ್ತರೆ ಅಲ್ಲ. ಆ ಹೆದರಿಕೆಯ ನಾವು ತೆಕ್ಕೊಂಡು ಹೋಗಿ ಆರ ತಲೆ ಮೇಲೆ ಮಡಗುತ್ತು ಹೇಳುದರ ಹತ್ತರೆ.

ವೈರಸ್ಸು ಹೋಪದು ಉಸುಲಿನ ಒಟ್ಟಿಂಗೆ, ಗಾಳಿಲಿ. ಅದಕ್ಕೆ ಕಣ್ಣಿಲ್ಲೆ. ಮನೆ ಯಜಮಾನ° ಆರು, ಕೆಲಸಕ್ಕೆ ಬಂದವ° ಆರು, ನೆಂಟ° ಆರು ಹೇಳಿ ಅದಕ್ಕೆ ಗೊಂತಾವುತ್ತಿಲ್ಲೆ. ನಮ್ಮ ಹೆದರಿಕೆಗೆ ಮಾಂತ್ರ ಸರೀ ಕಣ್ಣಿದ್ದು. ಅದು ಯೇವಗಳೂ ನಮ್ಮಂದ ಕೆಳ ಇಪ್ಪವರ, ನಮ್ಮಂದ ದೂರ ಇಪ್ಪವರ ಹುಡ್ಕಿಗೊಂಡು ಹೋವುತ್ತು. ಮೇಲೆ ಇಪ್ಪವರ ಕಂಡರೆ ಕಣ್ಣು ಮುಚ್ಚುತ್ತು.

ಬೇಕಾರೆ ನೋಡಿ. ಟಿವಿಲಿ ಒಮಿಕ್ರಾನ್ ಹೇಳಿ ಕೆಂಪಕ್ಷರ ಬಂದ ಮರದಿನವೇ ಸುಮಾರು ಮನೆಗಳಲ್ಲಿ ಕೆಲಸಕ್ಕೆ ಬಪ್ಪವಕ್ಕೆ ಹೊಸ ಕಾನೂನು ಆತು. ಪಾತ್ರೆ ತೊಳವಲೆ ಬಪ್ಪ ಅಕ್ಕ ಒಳ ಬಪ್ಪಲಾಗ, ಹಿಂದಾಣ ಜಾಲಿಲಿ ಕೂದು ತೊಳದು ಹೋಯೆಕ್ಕು. ಕಾಪಿ ಬೇರೆ ಗ್ಲಾಸಿಲಿ. ಸಂಬಳದ ಪೈಸೆ ಜೆಗಿಲಿ ಕರೆಲಿ ಮಡಗುದು, ಅವು ಹೆರ್ಕಿಗೊಂಬದು. ಅಡಕ್ಕೆ ಸೊಲಿವಲೆ ಬಂದವು ಬಾವಿಕಟ್ಟೆ ಹತ್ತರೆ ಬಪ್ಪಲಾಗ. ಸರಿ, ಜಾಗ್ರತೆ ಮಾಡ್ತವು ಹೇಳುವೊ°.

ಅದೇ ವಾರ ಅದೇ ಮನೆಯವು ಮದುವೆಗೆ ಹೋದವು. ಹಾಲಿನ ಒಳ ಕಿಟಿಕಿ ಮುಚ್ಚಿ ಏಸಿ ಹಾಕಿದ್ದವು. ಸರಕಾರ ಹೇಳಿದ ಲೆಕ್ಕಂದ ಎಷ್ಟೋ ಜಾಸ್ತಿ ಜೆನ. ಮಾಸ್ಕು ಗಲ್ಲಲ್ಲಿ, ಪಟ ತೆಗವಗ ಅದುದೇ ಇಲ್ಲೆ. ಹಂತಿಲಿ ಒತ್ತಿ ಕೂದು ಉಂಡಿಕ್ಕಿ, ಎಲೆಡಕ್ಕೆ ಹಾಕಿಗೊಂಡು, ಒಬ್ಬರ ಕೆಮಿ ಹತ್ತರೆ ಇನ್ನೊಬ್ಬರ ಬಾಯಿ ಮಡಗಿ ಎರಡು ಗಂಟೆ ಪಂಚಾತಿಕೆ. ಅಲ್ಲಿ ಆರಿಂಗೂ ಒಮಿಕ್ರಾನ್ ನೆಂಪಾಯಿದಿಲ್ಲೆ. ನೆಂಪಾದರೂ "ನಮ್ಮೋರೇ ಅಲ್ಲದೋ" ಹೇಳಿ ಸಮಾಧಾನ.

ಈಗ ಹೇಳಿ, ಯೇವದು ಅಪಾಯ? ಬಿಡುಸಿದ ಜಾಲಿಲಿ, ಗಾಳಿಗೆ, ಒಬ್ಬನೇ ಕೂದು ಪಾತ್ರೆ ತೊಳವವರಿಂದ ನವಗೆ ರೋಗ ಬಪ್ಪದೋ, ಮುಚ್ಚಿದ ಹಾಲಿಲಿ ನೂರಾರು ಜೆನರ ಉಸುಲಿನ ಎರಡು ಗಂಟೆ ಎಳಕ್ಕೊಂಡದರಿಂದ ಬಪ್ಪದೋ? ಸರಕಾರದ 2022 ಜನವರಿ ತಿಂಗಳಾಣ ನಿಯಮಲ್ಲೇ ಉತ್ತರ ಇತ್ತು: ಮದುವೆ ಬಯಲಿಲಿ ಆದರೆ 200 ಜೆನ, ಒಳ ಆದರೆ 100. ಗಾಳಿ ಇದ್ದರೆ ಅಪಾಯ ಕಮ್ಮಿ ಹೇಳುದು ಆ ಲೆಕ್ಕಲ್ಲೇ ಬರದು ಮಡಗಿದ್ದವು. ನವಗೆ ಅದರ ಓದುಲೆ ಬತ್ತು, ಮನಸ್ಸಿಲ್ಲೆ.

ನಿಜ ಹೇಳೆಕ್ಕಾದರೆ ಇದು ಹೊಸ ಹೆದರಿಕೆ ಅಲ್ಲವೇ ಅಲ್ಲ. ಅಜ್ಜಿಯಕ್ಕಳ ಕಾಲಲ್ಲಿ ಆಳುಗೊಕ್ಕೆ ಗೆರಟೆಲಿ ಚಾಯ, ಮುಟ್ಟದ್ದ ಹಾಂಗೆ ಮೇಲಂದ ಎರವದು. ಮಕ್ಕೊ ಕಲ್ತವು, ಕಾಲ ಬದಲಿತ್ತು, ನವಗೆ ನಾಚಿಕೆ ಆತು, ಗೆರಟೆ ಹೋತು. ಈಗ ಅದುವೇ "ವೈಜ್ಞಾನಿಕ" ಹೇಳ್ತ ಅಂಗಿ ಹಾಕಿಗೊಂಡು ಹಿಂದಾಣ ಬಾಗಿಲಿಲಿ ವಾಪಾಸು ಬಯಿಂದು. ಗೆರಟೆಯ ಜಾಗೆಲಿ ಪೇಪರು ಗ್ಲಾಸು. ವಿಜ್ಞಾನ ಹಾಂಗೆ ಹೇಳಿದ್ದಿಲ್ಲೆ. ಜ್ವರ, ಸೆಮ್ಮ ಇಪ್ಪವು ಆರೇ ಆಗಲಿ ದೂರ ಇರೆಕ್ಕು ಹೇಳಿದ್ದು. "ಆರೇ ಆಗಲಿ" ಹೇಳ್ತ ಎರಡು ಶಬ್ದ ನಮ್ಮ ಕೆಮಿಗೆ ಬಿದ್ದಿದೇ ಇಲ್ಲೆ.

ಮನೆಲಿ ಮಾಡಿದ್ದನ್ನೇ ನಾವು ಊರಿಲಿ, ದೇಶಲ್ಲಿ ಮಾಡುದು. ಡೆಲ್ಟಾ ಸುರುವಿಂಗೆ ಕಂಡದು ನಮ್ಮ ದೇಶಲ್ಲಿ. ಹೆರದೇಶದವು ಅದಕ್ಕೆ "ಇಂಡಿಯನ್ ವೇರಿಯಂಟ್" ಹೇಳಿಯಪ್ಪಗ ನವಗೆಲ್ಲ ಕೋಪ ಬಂತು, ನಮ್ಮ ಸರಕಾರವೂ ಆಕ್ಷೇಪ ಮಾಡಿತ್ತು. ಕೋಪ ಬಂದದು ಸರಿಯೇ. ಊರಿನ ಹೆಸರು ಹಿಡುದು ರೋಗವ ದೆನಿಗೇಳಿರೆ ಆ ಊರಿನವಕ್ಕೆ ಕಳಂಕ ಹೇಳಿಯೇ 2021 ಮೇ 31ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯವು ಗ್ರೀಕು ಅಕ್ಷರಂಗಳ ತಂದದು. ಆದರೆ ಆರು ತಿಂಗಳು ಕಳಿವ ಮದಲೇ ನಮ್ಮ ಬಾಯಿಲಿ ಎಂತ ಬಂತು? "ಆಫ್ರಿಕದ ವೈರಸ್ಸು." ಅಲ್ಲಿಯಾಣ ವಿಜ್ಞಾನಿಗೊ ಹುಡ್ಕಿ, ಮುಚ್ಚಿ ಮಡಗದ್ದೆ ಲೋಕಕ್ಕೆ ಹೇಳಿದವು. ಅದಕ್ಕೆ ಸಿಕ್ಕಿದ ಬಹುಮಾನ ವಿಮಾನ ಬಂದ್! ಮತ್ತೆ ನೋಡಿರೆ ಅವು ಹೇಳುವ ಮದಲೇ ತೆಗದ ನೆದರ್ಲೆಂಡಿನ ಸೇಂಪಲುಗಳಲ್ಲಿಯೂ ಅದು ಇತ್ತಡ. ಸತ್ಯ ಹೇಳಿದವಂಗೆ ಪೆಟ್ಟು ಬಿದ್ದರೆ ನಾಳೆ ಆರು ಹೇಳುಗು?

ಅಷ್ಟು ದೂರ ಹೋಪದು ಎಂತಕೆ? ನಮ್ಮ ತಲಪಾಡಿಯನ್ನೇ ನೋಡಿ. ಕಾಸರಗೋಡಿನ ಕಡೆಯವಕ್ಕೆ ಮಂಗ್ಳೂರು ಹೇಳಿರೆ ಆಸ್ಪತ್ರೆ, ಶಾಲೆ, ಪೇಟೆ, ಮಗಳ ಮನೆ, ಎಲ್ಲವುದೇ. 2020 ಮಾರ್ಚಿಲಿ ಗಡಿಯ ಮಾರ್ಗಂಗೊಕ್ಕೆ ಮಣ್ಣು ರಾಶಿ ಹಾಕಿದವು. ಡಯಾಲಿಸಿಸ್ಸಿಂಗೆ, ಹೃದಯದ ಮದ್ದಿಂಗೆ ಮಂಗ್ಳೂರನ್ನೇ ನಂಬಿದವು ಇತ್ಲಾಗಿ ಬಪ್ಪಲೆ ಎಡಿಯದ್ದೆ ಸುಮಾರು ಜೆನ ಸತ್ತವು. ಕೋರ್ಟಿಂಗೆ ಹೋಯೆಕ್ಕಾಗಿ ಬಂತು. 2021ರಲ್ಲಿ 72 ಗಂಟೆ ಒಳಾಣ ಆರ್‌ಟಿ-ಪಿಸಿಆರ್ ರಿಪೋರ್ಟು ಇದ್ದರೆ ಮಾಂತ್ರ ಒಳ ಹೇಳಿದವು. ಗಡಿಯ ಆಚಿಗೆ ಇಪ್ಪದುದೇ ನಮ್ಮದೇ ಮಾತು ಮಾತಾಡುವ, ನಮ್ಮದೇ ಕೊದಿಲು ಉಂಬ ಜೆನಂಗೊ. ಮಣ್ಣು ಹಾಕಿದ ಮೇಲೆ ಇತ್ಲಾಗಿಯವರ ಬಾಯಿಲಿ ಅವು "ಕೇರಳದವು" ಆದವು. ವೈರಸ್ಸಿಂಗೆ ಮಣ್ಣುರಾಶಿ ಕಂಡಿದಿಲ್ಲೆ, ಡೆಲ್ಟಾ ಎರಡೂ ಕಡೆಲಿ ಬಂತು.

ನಮ್ಮ ದೇಶಲ್ಲಿ ಸುರುವಿಂಗೆ ಒಮಿಕ್ರಾನ್ ಸಿಕ್ಕಿದ ಎರಡು ಜೆನರ ಶುದ್ದಿ ಬಂದದು 2021 ಡಿಸೆಂಬರ 2ಕ್ಕೆ, ಎರಡುದೇ ನಮ್ಮ ಬೆಂಗ್ಳೂರಿಲಿ. ಒಬ್ಬ° 66 ಒರಿಶದ, ದಕ್ಷಿಣ ಆಫ್ರಿಕಂದ ಬಂದವ°. ಇನ್ನೊಬ್ಬರು 46 ಒರಿಶದ ಡಾಕ್ಟ್ರು. ಅವು ಯೇವ ವಿದೇಶಕ್ಕೂ ಹೋಗಿತ್ತಿದ್ದವಿಲ್ಲೆ. ಹೇಳಿರೆ ಅದು ಅದಾಗಲೇ ಊರ ಒಳ ಇತ್ತು! ಆದರೂ ನಾವು ವಿಮಾನಲ್ಲಿ ಬಂದವರನ್ನೇ ಹುಡ್ಕಿಗೊಂಡು ಕೂದತ್ತು. ಕಳ್ಳ° ಅಟ್ಟಲ್ಲಿಪ್ಪಗ ಗೇಟಿನ ಹತ್ತರೆ ದೊಣ್ಣೆ ಹಿಡುದು ನಿಂದ ಹಾಂಗೆ.

ನೆರೆಕರೆಲಿ ಒಂದು ಮನೆಯ ಮಾಣಿ 2021 ಡಿಸೆಂಬರಿಲಿ ಇಂಗ್ಲೆಂಡಿಂದ ಬಂದ°. ವಿಮಾನಂದ ಇಳುದಲ್ಲೇ ಪರೀಕ್ಷೆ, ನೆಗೆಟಿವ್. ನಿಯಮದ ಪ್ರಕಾರ 7 ದಿನ ಉಪ್ಪರಿಗೆಯ ಕೋಣೆಲಿ ಒಬ್ಬನೇ ಕೂದ°. ಎಂಟನೇ ದಿನ ಮತ್ತೊಂದರಿ ಪರೀಕ್ಷೆ, ಅದುದೇ ನೆಗೆಟಿವ್. ಇಷ್ಟು ಸರಿಯಾಗಿ ನೆಡಕ್ಕೊಂಡವ° ಇಡೀ ಊರಿಲಿ ಬೇರೆ ಒಬ್ಬ° ಇಲ್ಲೆ. ಆದರೆ ಆ ಮನೆಂದ ಹಾಲು ತೆಕ್ಕೊಂಬಲೆ ಹದಿನೈದು ದಿನ ಆರುದೇ ಹೋಯಿದವಿಲ್ಲೆ. ಬೆಂಗ್ಳೂರಿಂದ ವಾರವಾರ ಬಸ್ಸಿಲಿ ಬಂದು ಸೆಮ್ಮಿಗೊಂಡು ಹೋಪ ಮಕ್ಕೊಗೆ ಮಾಂತ್ರ "ಚಳಿಗೆ ಶೀತ ಆದ್ದು" ಹೇಳಿ ಸರ್ಟಿಫಿಕೇಟು.

ಹೀಂಗೆ ಮಾಡಿರೆ ಅಪ್ಪದೆಂತರ? ಜ್ವರ ಕಮ್ಮಿ ಆವುತ್ತಿಲ್ಲೆ, ಜ್ವರದ ಶುದ್ದಿ ಕಮ್ಮಿ ಆವುತ್ತು. ಕೆಲಸಕ್ಕೆ ಬಪ್ಪ ಅಕ್ಕ ಎರಡು ದಿನಂದ ಮೈಬೆಶಿ ಹೇಳಿರೆ ಹದಿನೈದು ದಿನದ ಸಂಬಳ ಹೋತು, ಮತ್ತೆ ಕೆಲಸವುದೇ ಇದ್ದೋ ಇಲ್ಲೆಯೋ. ಅವು ಎಂತ ಮಾಡುಗು? ಒಂದು ಪ್ಯಾರಸಿಟಮಾಲ್ ನುಂಗಿ, ಮಾಸ್ಕು ಏರುಸಿ ಬಕ್ಕು. ನಿಂಗೊ ಆ ಜಾಗೆಲಿ ಇದ್ದರೂ ಅದನ್ನೇ ಮಾಡ್ತಿತ್ತಿ. ನಾವು ಪೈಸೆ ಉಳುಶಿಗೊಂಡತ್ತು, ಜ್ವರವ ಮನಗೆ ತರುಶಿಗೊಂಡತ್ತು. ಮನೆಯವಕ್ಕೇ ಜ್ವರ ಬಂದರೆ ನಾವುದೇ ಮುಚ್ಚಿ ಮಡಗುತ್ತು, ಪರೀಕ್ಷೆ ಮಾಡ್ಸುತ್ತಿಲ್ಲೆ, ಎಂತಕೆ ಹೇಳಿರೆ ನಾಳೆ ಗ್ರೂಪಿಲಿ ನಮ್ಮ ಹೆಸರು ಬಕ್ಕು.

ಹೊಸ ರೂಪ ಹುಟ್ಟುದು ಹೇಂಗೆ ಹೇಳಿಯುದೇ ರಜ ಆಲೋಚನೆ ಮಾಡಿ. ಉಪ್ಪಿನಕಾಯಿಯ ಲೆಕ್ಕವ ಅಬ್ಬೆಯ ಪುಸ್ತಕಂದ ಅಕ್ಕ, ಅಕ್ಕನ ಪುಸ್ತಕಂದ ತಂಗೆ ನೋಡಿ ಬರಕ್ಕೊಂಬಗ ಎಲ್ಲಿಯಾರು ಒಂದು ಕೈತಪ್ಪು ಆವುತ್ತು. ಹೆಚ್ಚಾಗಿ ಅದರಿಂದ ಉಪ್ಪಿನಕಾಯಿ ಹಾಳಪ್ಪದೇ. ಸಾವಿರಲ್ಲಿ ಒಂದರಿ ಮದಲಾಣದ್ದರಿಂದಲೂ ರುಚಿ ಆಗಿ ಬಿಡ್ತು. ವೈರಸ್ಸುದೇ ನಮ್ಮ ಮೈ ಒಳ ತನ್ನನ್ನೇ ಹಾಂಗೆ ನಕಲು ಮಾಡಿಗೊಂಬದು. ಎಷ್ಟು ಜೆನಕ್ಕೆ ಬತ್ತೋ ಅಷ್ಟು ನಕಲು, ಅಷ್ಟು ಕೈತಪ್ಪು. ಅಂಬಗ ಕೆಲಸದ ಅಕ್ಕನ ಮನೆಲಿ, ಗಡಿಯ ಆಚಿಗೆ, ವಾಕ್ಸಿನ್ ಸಿಕ್ಕದ್ದ ಆಫ್ರಿಕದ ಊರಿಲಿ ಜ್ವರ ಬಂದರೆ ಅದು ನಮ್ಮದೇ ಮಂಡೆಬೆಶಿ. ಅವರ ದೂರ ಮಡಗಿರೆ ನವಗೆ ಕ್ಷೇಮ ಇಲ್ಲೆ, ಅವಕ್ಕೆ ರೋಗ ಬಾರದ್ದ ಹಾಂಗೆ ನೋಡಿಗೊಂಡರೆ ಕ್ಷೇಮ.

"ಅಂಬಗ ಹೆದರದ್ದೆ ಕೂಪದೋ? ಒಮಿಕ್ರಾನ್ ಬರೀ ಶೀತ ಅಡ" ಹೇಳುವ ಭಾವಂದಿರುದೇ ಇದ್ದವು. ಡೆಲ್ಟಾದಷ್ಟು ಜೋರಿಲ್ಲೆ ಹೇಳಿ ಡಾಕ್ಟ್ರಕ್ಕೊ ಹೇಳಿದ್ದು ಅಪ್ಪು. ಆದರೆ ಅದು ಹರಡುದು ಬೇಗ. ಸಾವಿರ ಜೆನಕ್ಕೆ ಶೀತ ಆದರೆ ಅದರಲ್ಲಿ ಸಕ್ಕರೆ ಕಾಯಿಲೆಯ ಅಜ್ಜಂದ್ರು, ಉಬ್ಬಸದ ಅತ್ತೆಕ್ಕೊ, ವಾಕ್ಸಿನ್ ತೆಕ್ಕೊಳ್ಳದ್ದವು ಇರ್ತವು. ಅವಕ್ಕೆ ಅದು ಬರೀ ಶೀತ ಅಲ್ಲ. ಇನ್ನು, ಶೀತ ಆಗಿ ಮನುಗಿದವರ ಚಾಕ್ರಿ ಮಾಡುದು ಆರು? ಬೆಶಿನೀರು, ಗಂಜಿ, ಕಷಾಯ, ಬೇರೆ ಬಟ್ಲು, ಬೇರೆ ಹಾಸಿಗೆ, ಎಲ್ಲ ಅಡಿಗೆ ಒಳಂದಲೇ ಹೋಯೆಕ್ಕು. ಹಾಂಗಾಗಿ ಈ ಉದಾಸೀನದ ಮಾತು ಗೆಂಡುಮಕ್ಕಳ ಬಾಯಿಲಿಯೇ ಜಾಸ್ತಿ ಬಪ್ಪದು ಎನಗೆ ಆಶ್ಚರ್ಯ ಆವುತ್ತಿಲ್ಲೆ. ಅತ್ಲಾಗಿ ಉದಾಸೀನವೂ ಬೇಡ, ಇತ್ಲಾಗಿ ಕಂಡವರ ಮೇಲೆ ಹಾರುದೂ ಬೇಡ.

ಮಾಡ್ಲೆ ಇಪ್ಪ ಕೆಲಸ ರಜವೇ ಇದ್ದು. ಅಕ್ಷರ ಯೇವದೇ ಬರಲಿ, ಕೆಲಸ ಅದುವೇ. ಜ್ವರ, ಸೆಮ್ಮ ಇಪ್ಪವು ಮನೆಲಿರಲಿ, ಅದು ಮದುಮ್ಮಾಯನ ಸೋದರಮಾವನೇ ಆಗಲಿ. ಕಿಟಿಕಿ ತೆಗದು ಮಡಗಿ. ಅನುಪ್ಪತ್ಯ ಜಾಲಿಲಿ, ಚಪ್ಪರದ ಅಡಿಲಿ ಮಾಡಿ, ನಮ್ಮ ಹೆರಿಯವು ಮಾಡಿಗೊಂಡಿದ್ದದೂ ಹಾಂಗೇ. ಸಂತೆಲಿ, ಬಸ್ಸಿಲಿ, ಆಸ್ಪತ್ರೆಲಿ ಮಾಸ್ಕು ಮೂಗಿನ ಮೇಲೆ ಇರಲಿ. 2022 ಜನವರಿ 3ರಿಂದ 15-18 ಒರಿಶದ ಮಕ್ಕೊಗೆ ವಾಕ್ಸಿನ್ ಕೊಡ್ಲೆ ಸುರು ಮಾಡಿದವು, ಜನವರಿ 10ರಿಂದ 60 ದಾಂಟಿ ಬೇರೆ ಕಾಯಿಲೆ ಇಪ್ಪವಕ್ಕೆ, ಎರಡನೇದು ಆಗಿ 9 ತಿಂಗಳು ಕಳುದಿದ್ದರೆ, ಮೂರನೇ ಡೋಸು ಇತ್ತು. ಕಷಾಯ ಕುಡಿಯಿರಿ, ಗಂಟಲಿಂಗೆ ಹಿತ. ಆದರೆ ಅದು ವಾಕ್ಸಿನಿನ ಬದಲಿಂಗೆ ಅಲ್ಲ. ನಿಂಗಳ ಮನಗೆ ಕೆಲಸಕ್ಕೆ ಬಪ್ಪವಕ್ಕೆ ಎರಡು ಡೋಸು ಆಯಿದೋ ಕೇಳಿ, ಆಯಿದಿಲ್ಲೆ ಹೇಳಿರೆ ಬೈಯೆಡಿ, ಅರ್ಧ ದಿನ ರಜೆ ಕೊಟ್ಟು ಕಳುಸಿ.

ಎಲ್ಲದರಿಂದ ಮುಖ್ಯ, ಅವಕ್ಕೆ ಜ್ವರ ಬಂದರೆ ಸಂಬಳ ಕಡಿಯೆಡಿ. "ಅಕ್ಕ, ಮನೆಲಿ ಮನುಗು, ಸಂಬಳ ಇದ್ದು" ಹೇಳಿದ ಒಂದು ಮಾತು ನಿಂಗಳ ಮನೆಯ ಕಾವಷ್ಟು ಯೇವ ಸ್ಯಾನಿಟೈಸರುದೇ ಕಾವುತ್ತಿಲ್ಲೆ. ಸತ್ಯ ಹೇಳಿದವಂಗೆ ನಷ್ಟ ಆಗದ್ದ ಹಾಂಗೆ ನೋಡಿಗೊಂಡರೆ ಸತ್ಯ ತನ್ನಷ್ಟಕ್ಕೇ ಹೆರ ಬತ್ತು.

ಇದರ ಓದಿ ಕೆಲವು ಜೆನಕ್ಕೆ ಕೋಪ ಬಕ್ಕು. ಬರಲಿ. ಉತ್ತರ ಬರವ ಮದಲು ಒಂದು ಕೆಲಸ ಮಾಡಿ: ಎದ್ದು ಹೋಗಿ, ನಿಂಗಳ ಮನೆಯ ಹಿಂದಾಣ ಜಾಲಿಲಿ ಬೇರೆಯೇ ಕವುಂಚಿ ಮಡಗಿದ ಗ್ಲಾಸು ಆರದ್ದು ಹೇಳಿ ಒಂದರಿ ನೋಡಿಕ್ಕಿ ಬನ್ನಿ.