ಪ್ರಾಗ್ ಗಡಿಯಾರದಲ್ಲಿ ಮಕರ ರಾಶಿ

ಮಕ್ಕಳೇ, ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಸಂಜೆ ಆರರ ಹೊತ್ತಿಗೆ. ಯುರೋಪಿನ ಪ್ರಾಗ್ ನಗರದಲ್ಲಿ ನಾಲ್ಕಕ್ಕೇ ಮುಳುಗಿಬಿಡುತ್ತಾನೆ! ಬೆಳಗಾಗುವುದೂ ಎಂಟಕ್ಕೆ. ಹಗಲೆಂದರೆ ಬರೀ ಎಂಟು ಗಂಟೆ. ಅಂಥ ಒಂದು ಪುಟ್ಟ ಹಗಲಿನಲ್ಲಿ ಊರು ಸುತ್ತಿದ ಕತೆ ಈ ವಾರ.

ನಾನು ಓದುತ್ತಿರುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಅಲ್ಲಿಂದ ಪ್ರಾಗ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಅಂದು ಡಿಸೆಂಬರ್ 22. ಬೀದಿ ಬದಿಯ ತೊಟ್ಟಿಗಳಲ್ಲಿ ಕ್ರಿಸ್‌ಮಸ್ ಊಟಕ್ಕೆಂದು ಕಾರ್ಪ್ ಮೀನುಗಳು ಈಜುತ್ತಿದ್ದವು. ಅದರ ಒಂದು ಹುರುಪೆಯನ್ನು ಪರ್ಸಿನಲ್ಲಿಟ್ಟುಕೊಂಡರೆ ವರ್ಷವಿಡೀ ದುಡ್ಡಿಗೆ ಕೊರತೆಯಿಲ್ಲ ಎಂಬುದು ಅಲ್ಲಿನವರ ನಂಬಿಕೆ.

ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಹಳೇ ಪಟ್ಟಣದ ಚೌಕಕ್ಕೆ ಬಂದೆ. ಪುರಭವನದ ಗೋಡೆಯಲ್ಲಿ 1410ರ ಗಡಿಯಾರವಿದೆ. ಅದು ಗಂಟೆಯನ್ನಷ್ಟೇ ಅಲ್ಲ, ಸೂರ್ಯ ಚಂದ್ರರು ಯಾವ ರಾಶಿಯಲ್ಲಿದ್ದಾರೆ ಎಂಬುದನ್ನೂ ತೋರಿಸುತ್ತದೆ. ಪಂಚಾಂಗ ನೋಡದೆ ಕಾಫಿಯನ್ನೂ ಕುಡಿಯದ ನಮ್ಮ ಅಜ್ಜನಿಗೆ ಇದನ್ನು ತೋರಿಸಲೇಬೇಕಿತ್ತು. ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಆಗ ಸಂಜೆ ನಾಲ್ಕೂವರೆ. ಅಜ್ಜ ಆಸ್ಪತ್ರೆಯಿಂದ ಮನೆಗೆ ಬಂದು ವಾರವಷ್ಟೇ ಆಗಿತ್ತು. ಮುಖ ಇಳಿದಿತ್ತು.

"ಕಿವಿ ಮುಚ್ಚೋ ಟೋಪಿ ಹಾಕ್ಕೊಂಡಿದ್ದೀಯೇನೋ ಮಗಾ?" ಎಂದರು ಮೊದಲು.

ಫೋನನ್ನು ಗಡಿಯಾರದ ಕಡೆ ತಿರುಗಿಸಿದೆ. ಕೆಳಗಿನ ಚಕ್ರದಲ್ಲಿ ರಾಶಿಗಳ ಚಿತ್ರಗಳಿವೆ. ಅಜ್ಜ ಒಂದೊಂದನ್ನೇ ಗುರುತು ಹಿಡಿದರು: "ತಕ್ಕಡಿ, ತುಲಾ. ಚೇಳು, ವೃಶ್ಚಿಕ. ಅರೆರೆ, ಎಲ್ಲಾ ನಮ್ಮವೇ!" ಮೇಲಿನ ಚಕ್ರದಲ್ಲಿ ಸೂರ್ಯ ಧನುವನ್ನು ದಾಟಿ ಮಕರದ ಹೊಸ್ತಿಲಲ್ಲಿದ್ದ.

"ಸಂಕ್ರಾಂತಿಗೆ ಇನ್ನೂ ಮೂರು ವಾರ ಇದೆಯಲ್ಲ ಅಜ್ಜ?"

"ಭೂಮಿ ಬುಗುರಿ ಹಾಗೆ ತೂಗ್ತದೆ ಕಣೋ" ಎಂದರು ಅಜ್ಜ. ನಿಜ ಮಕ್ಕಳೇ. ಭೂಮಿಯ ಅಕ್ಷ ಹಾಗೊಂದು ಸುತ್ತು ಮುಗಿಸಲು ಸುಮಾರು 26,000 ವರ್ಷ ಬೇಕು. ಸುಮಾರು 1,700 ವರ್ಷಗಳ ಹಿಂದೆ ಹಗಲು ಬೆಳೆಯಲು ಶುರುವಾಗುವ ದಿನವೂ ಮಕರ ಸಂಕ್ರಾಂತಿಯೂ ಒಟ್ಟಿಗೇ ಬರುತ್ತಿದ್ದವು. ಈಗ ಎರಡರ ನಡುವೆ ಮೂರು ವಾರಕ್ಕೂ ಹೆಚ್ಚು ಅಂತರ.

ಅಷ್ಟರಲ್ಲಿ ಹನ್ನೆರಡಾಯಿತು. ಗಡಿಯಾರದ ಪಕ್ಕದ ಅಸ್ಥಿಪಂಜರದ ಗೊಂಬೆ ಹಗ್ಗ ಜಗ್ಗಿ ಗಂಟೆ ಬಾರಿಸಿತು. "ಹೊತ್ತಾಯಿತು, ಹೊರಡಿ" ಎನ್ನುವ ಸಾವು ಅದು. ಉಳಿದ ಗೊಂಬೆಗಳು "ಬೇಡ, ಬೇಡ" ಎಂಬಂತೆ ತಲೆ ಅಲ್ಲಾಡಿಸಿದವು. ಫೋನನ್ನು ಬೇರೆ ಕಡೆ ತಿರುಗಿಸಲೇ ಎಂದುಕೊಂಡೆ. ನೋಡಿದರೆ, ಪರದೆಯ ಮೇಲೆ ಅಜ್ಜನೂ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದರು!

"ಅದಕ್ಕೆ ಹೇಳು, ನನ್ನ ಮೊಮ್ಮಗ ಬೇಸಿಗೆಗೆ ಬರ್ತಾನೆ, ಅಲ್ಲಿವರೆಗೆ ನನಗೆ ಪುರುಸೊತ್ತಿಲ್ಲ ಅಂತ."

ನಾನು ನಕ್ಕೆ. ಕಣ್ಣಲ್ಲಿ ನೀರು ಬಂದದ್ದು ಚಳಿಗೆ ಎಂದು ಅಜ್ಜನಿಗೆ ಹೇಳಿದೆ. ಕೊನೆಗೆ ಮೇಲಿನ ಕಿಟಕಿಯ ಹುಂಜ ಕೂಗಿತು.

ಮುಂದೆ ಚಾರ್ಲ್ಸ್ ಸೇತುವೆಗೆ ನಡೆದೆ. ಉದ್ದ 516 ಮೀಟರ್, ಎರಡೂ ಬದಿ ಸೇರಿ 30 ವಿಗ್ರಹಗಳ ಗುಂಪು. ದೊರೆ ನಾಲ್ಕನೇ ಚಾರ್ಲ್ಸ್ ಇದಕ್ಕೆ ಅಡಿಗಲ್ಲು ಹಾಕಿದ್ದು 1357ನೇ ಇಸವಿ, 9ನೇ ತಾರೀಕು, 7ನೇ ತಿಂಗಳು, ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ಎಂದು ಹೇಳುತ್ತಾರೆ. ಅಂಕಿಗಳನ್ನು ಸಾಲಾಗಿ ಬರೆಯಿರಿ: 1 3 5 7 9 7 5 3 1. ಹಿಂದಿನಿಂದ ಓದಿದರೂ ಅದೇ! ಮುಹೂರ್ತ ನೋಡುವವರು ನಾವು ಮಾತ್ರವಲ್ಲ.

ನಾಲ್ಕಕ್ಕೆ ಸೂರ್ಯ ಗುಡ್ಡದ ಹಿಂದೆ ಇಳಿದ. ಹಳೆಯ ಕಾಲದ ಚೆಕ್ ಜನ ದಿನ ಎಣಿಸುತ್ತಿದ್ದದ್ದು ಸೂರ್ಯ ಮುಳುಗಿದ ಹೊತ್ತಿನಿಂದ. ಆ ಲೆಕ್ಕ ತೋರಿಸುವ ಉಂಗುರ ಗಡಿಯಾರದಲ್ಲಿ ಈಗಲೂ ತಿರುಗುತ್ತಿದೆ. ಅಂದರೆ ಕತ್ತಲಾದಾಗ ಅವರಿಗೆ ಹೊಸ ದಿನ!

ಮಕ್ಕಳೇ, ಈ ವಾರ ಅಜ್ಜ ಅಜ್ಜಿಯ ಜೊತೆ ಕುಳಿತು ಪಂಚಾಂಗದಲ್ಲಿ ಸೂರ್ಯೋದಯ, ಸೂರ್ಯಾಸ್ತ ನೋಡಿ ಬರೆದಿಡಿ. ಮೊದಮೊದಲು ಹಗಲು ದಿನಕ್ಕೆ ಕೆಲವೇ ಸೆಕೆಂಡು ಬೆಳೆಯುತ್ತದೆ. ಆದರೂ ಜೂನ್ ಹೊತ್ತಿಗೆ ಪ್ರಾಗ್‌ನ ಹಗಲು ಹದಿನಾರು ಗಂಟೆ ದಾಟಿರುತ್ತದೆ. ನಾನು ಊರಿನಲ್ಲಿರುತ್ತೇನೆ.