ಗೃಹವಿಚಾರ: ಸಾಗವಾನಿಯ ಚೇಗು

ಇರಕಲ್ಲಗಡದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹಳೆಯ ಮಾಳಿಗೆಯ ಮನೆಗಳನ್ನು ಕೆಡವಿ ಸಿಮೆಂಟಿನ ಮನೆಗಳನ್ನು ಕಟ್ಟುವದು ಈಗ ಸಾಮಾನ್ಯವಾಗಿದೆ. ಕೆಡವಿದ ಮನೆಯ ಕಂಬ, ತೊಲೆ, ಚೌಕಟ್ಟುಗಳನ್ನು ಹಳೆಯ ಕಟ್ಟಿಗೆಯೆಂದು ಬಂದ ಬೆಲೆಗೆ ಮಾರಿ, ಆ ಹಣಕ್ಕೆ ಇನ್ನಷ್ಟು ಕೂಡಿಸಿ ಹೊಸ ಬಾಗಿಲನ್ನು ಕೊಳ್ಳುವ ಗೃಹಸ್ಥರೂ ಉಂಟು. ಈ ವ್ಯವಹಾರದಲ್ಲಿ ಲಾಭವಾಯಿತೋ ನಷ್ಟವಾಯಿತೋ ಎಂಬದನ್ನು ತಿಳಿಯಬೇಕಾದರೆ ಸಾಗವಾನಿಯ ಗುಣವನ್ನು ಅರಿತಿರಬೇಕು. ಆದುದರಿಂದ ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದೆ ಇಡುತ್ತೇವೆ.

ಸಾಗವಾನಿಗೆ ತೇಗವೆಂದೂ, ಸಂಸ್ಕೃತದಲ್ಲಿ ಶಾಕವೆಂದೂ ಹೆಸರುಂಟು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮಂಚ, ಪೀಠಗಳಿಗೆ ಶುಭವಾದ ಮರಗಳನ್ನು ಎಣಿಸುವಾಗ ಚಂದನ, ದೇವದಾರುಗಳ ಸಾಲಿನಲ್ಲಿ ಶಾಕವನ್ನೂ ಹೇಳಿರುವನು. ಇದು ನಮ್ಮ ಬಯಲುಸೀಮೆಯ ಮರವಲ್ಲ. ದಾಂಡೇಲಿ, ಹಳಿಯಾಳಗಳ ಕಾಡಿನ ಮರ. ನಮ್ಮ ಕಡೆ ಸುಲಭವಾಗಿ ದೊರೆಯುವವು ಬೇವು ಮತ್ತು ಜಾಲಿ. ಬಂಡಿಯ ಗಾಲಿಗೆ ಗಟ್ಟಿಯಾದ ಜಾಲಿಯೇ ಯೋಗ್ಯವು. ಕಿನ್ನಾಳದ ಚಿತ್ರಗಾರರು ತಮ್ಮ ಬೊಂಬೆಗಳಿಗೆ ಹಗುರವಾದ ಮೆತ್ತನೆಯ ಮರವನ್ನೇ ಆರಿಸುವರು. ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಮರವಿರಲು, ಬಾಗಿಲಿಗೆ ಸಾಗವಾನಿಯೇ ಏಕೆ?

ಮೊದಲನೆಯ ಕಾರಣವು ಅದರ ಸ್ಥಿರತೆ. ಯಾವ ಮರವಾದರೂ ಒಣಗಿದರೆ ಸೊರಗುವದು, ತೇವಕ್ಕೆ ಉಬ್ಬುವದು. ಹಸಿಯ ಸಾಗವಾನಿಯು ಪೂರ್ಣವಾಗಿ ಒಣಗಿದರೂ ಅಗಲದಲ್ಲಿ ನೂರಕ್ಕೆ ಸುಮಾರು 5ರಿಂದ 6 ಪಾಲು ಮಾತ್ರ ಸೊರಗುವದು. ಅಂತೆಯೇ ಅದರ ಕದವು ವೈಶಾಖದ ಬಿಸಿಲಿಗೆ ಸುಲಭವಾಗಿ ಸೀಳದು, ಶ್ರಾವಣದ ಮಳೆಗೆ ಬಿಗಿಯದು. ಎರಡನೆಯದು ಬಲ. ಒಣಗಿದ ಸಾಗವಾನಿಯ ಒಂದು ಘನ ಅಡಿಯ ತೂಕ ಸುಮಾರು 18 ಕಿಲೋಗ್ರಾಂ. ಜಾಲಿಗಿಂತ ಹಗುರವಾಗಿದ್ದರೂ ತೊಲೆಯ ಭಾರವನ್ನು ಹೊರಬಲ್ಲದು. ಮೂರನೆಯದು ಅದರೊಳಗಿನ ಎಣ್ಣೆ. ಆ ಎಣ್ಣೆಯೊಡನೆ ಇರುವ ಟೆಕ್ಟೋಕ್ವಿನೋನ್ ಎಂಬ ದ್ರವ್ಯವನ್ನು ಗೆದ್ದಲು ಸಹಿಸದು. ಹೊಸ್ತಿಲನ್ನು ದಿನಾಲು ತೊಳೆದು ಅರಿಷಿಣ ಕುಂಕುಮ ಹಚ್ಚುವ ನಮ್ಮ ಮನೆಗಳಲ್ಲಿ ಈ ಗುಣದ ಬೆಲೆಯನ್ನು ಹೆಂಗಳೆಯರು ಚೆನ್ನಾಗಿ ಬಲ್ಲರು. ನೀರನ್ನು ತಡೆಯುವ ಈ ಶಕ್ತಿಗೆ ದೊಡ್ಡ ಸಾಕ್ಷಿಯೂ ಉಂಟು: 1817ರಲ್ಲಿ ಮುಂಬಯಿಯ ವಾಡಿಯಾ ಮನೆತನದವರು ಸಾಗವಾನಿಯಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಹಡಗು ಇಂಗ್ಲಂಡದ ಹಾರ್ಟ್ಲ್‌ಪೂಲ್ ಬಂದರದಲ್ಲಿ ಇಂದಿಗೂ ತೇಲುತ್ತಿದೆ.

ಆದರೆ ಒಂದು ಮಾತನ್ನು ಗೃಹಸ್ಥರು ಮರೆಯಲಾಗದು. ಈ ಗುಣಗಳಲ್ಲಿ ಬಾಳಿಕೆಯ ಗುಣವು ಮರದ ಹೆಸರಿಗೆ ಸೇರಿದ್ದಲ್ಲ, ಅದರ ಚೇಗಿಗೆ, ಎಂದರೆ ನಡುವಿನ ಹೊಂಬಣ್ಣದ ತಿರುಳಿಗೆ ಸೇರಿದ್ದು. ತೊಗಟೆಯ ಕೆಳಗಿನ ಬಿಳಿಯ ಭಾಗವೂ ಸಾಗವಾನಿಯೇ. ಆದರೆ ಅದನ್ನು ಗೆದ್ದಲು ಬೇರೆ ಮರದಂತೆಯೇ ತಿನ್ನುವದು. ಎಳೆಯ ಮರದಲ್ಲಿ ಚೇಗು ಕಡಿಮೆ, ಬಿಳಿಯ ಭಾಗ ಹೆಚ್ಚು. ಅದಕ್ಕೆ ಬಣ್ಣ ಬಳಿದು ಅಂಗಡಿಯಲ್ಲಿ ನಿಲ್ಲಿಸಿದರೆ ಎರಡಕ್ಕೂ ಭೇದವೇ ಕಾಣದು. ಆದಕಾರಣ ಬಣ್ಣ ಹಚ್ಚುವ ಮೊದಲೇ ಹಲಗೆಯ ಅಂಚನ್ನೂ ತುದಿಯನ್ನೂ ನೋಡಿ ಕೊಳ್ಳತಕ್ಕದ್ದು. ಚೇಗನ್ನು ಮುಟ್ಟಿದರೆ ಜಿಡ್ಡು ತಿಳಿಯುವದು, ಹತ್ತರಿ ಹೊಡೆದರೆ ತೊಗಲಿನಂಥ ವಾಸನೆ ಬರುವದು. ಇದರಲ್ಲಿ ಮರಳಿನ ಅಂಶವಿರುವದರಿಂದ ಉಳಿ, ಗರಗಸಗಳು ಬೇಗ ಮೊಂಡಾಗುವವು. ಬಡಿಗೇರನು ಕೂಲಿಯನ್ನು ತುಸು ಹೆಚ್ಚು ಕೇಳಿದರೆ ಅದು ಅನ್ಯಾಯವಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ದೊಡ್ಡ ಚೇಗಿನ ಮರವು ದಿನೇ ದಿನೇ ದುರ್ಲಭವಾಗುತ್ತಿದೆ. ಬರ್ಮಾ ಸಾಗವಾನಿಯೆಂದು ನಮ್ಮವರು ಹೊಗಳುವ ಮರದ ದಿಮ್ಮಿಗಳನ್ನು ಹೊರದೇಶಕ್ಕೆ ಕಳಿಸುವದನ್ನು ಆ ದೇಶದ ಸರಕಾರವೇ 2014ರಲ್ಲಿ ನಿಷೇಧಿಸಿತು. ಹೀಗಿರಲು, ಹಿರಿಯರು ಆರಿಸಿ ತಂದ ಪಕ್ವವಾದ ಚೇಗು ನಮ್ಮ ಗೋಡೆಯಲ್ಲಿಯೇ ಇದ್ದರೆ ಅದನ್ನು ಕಟ್ಟಿಗೆಯ ಬೆಲೆಗೆ ಕೊಟ್ಟು ಎಳೆಯ ಮರವನ್ನು ಕೊಳ್ಳುವದು ಬೆಣ್ಣೆ ಕೊಟ್ಟು ಮಜ್ಜಿಗೆ ತಂದಂತೆ. ಹಳೆಯ ಚೌಕಟ್ಟು ಹೊಸ ಮನೆಯ ಅಳತೆಗೆ ಕೂಡದಿದ್ದರೆ ಕದವಾದೀತು. ಕದವಾಗದಿದ್ದರೆ ಮಂಚವೋ ಮಕ್ಕಳು ಓದುವ ಮೇಜೋ ಆದೀತು.

ಆದುದರಿಂದ ಮಾರುವ ಮೊದಲು ಬಡಿಗೇರನನ್ನು ಕರೆಯಿಸಿ, ಹೊಗೆ ಹಿಡಿದು ಕಪ್ಪಾದ ಆ ತೊಲೆಯ ಮೇಲೆ ಒಂದು ಸಲ ಹತ್ತರಿ ಹೊಡೆಯಿಸಿ ನೋಡಿರಿ. ಒಳಗೆ ಹೊಂಬಣ್ಣ ಕಂಡರೆ ಅದನ್ನು ಮನೆಯಲ್ಲಿಯೇ ಇಟ್ಟುಕೊಳ್ಳಿರಿ.